‘ಸರ್ಕ್ಯುಲೇಷನ್’ಗೆ ಕನ್ನಡದಲ್ಲಿ ಒಂದೇ ಪದ ಸಾಕೇ? ಗ್ರಂಥಾಲಯದ ಫಲಕಕ್ಕಾಗಿ ಒಂದು ಪ್ರಶ್ನೆ

ಕಪಾಟು, ಸಾಗರ:

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಚಿಕ್ಕ ಗ್ರಂಥಾಲಯದಲ್ಲಿ ನಾನು ಹನ್ನೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮಳೆಗಾಲದ ನೀರು ಕುಡಿದು ಉಬ್ಬಿಹೋದ ಹಳೆಯ ಫಲಕಗಳನ್ನು ತೆಗೆದು ಹೊಸದಾಗಿ ಬರೆಸಲು ಹೊರಟಾಗ ಒಂದು ತೊಡಕು ಎದುರಾಯಿತು. ಪುಸ್ತಕಗಳನ್ನು ಎರವಲು ಕೊಟ್ಟು ಹಿಂದಕ್ಕೆ ಪಡೆಯುವ ಮೇಜಿನ ಮೇಲೆ ಇದುವರೆಗೆ ‘ಸರ್ಕ್ಯುಲೇಷನ್ ಕೌಂಟರ್’ ಎಂದು ಬರೆದಿತ್ತು. ಅದನ್ನು ಕನ್ನಡಕ್ಕೆ ತರಬೇಕೆಂದು ನಿಘಂಟು ತೆರೆದವನು ಮೊದಲು ಕಣ್ಣಿಗೆ ಬಿದ್ದ ಪದವನ್ನೇ ಹಿಡಿದು ‘ಪರಿಚಲನಾ ವಿಭಾಗ’ ಎಂದು ಬರೆಸಿಬಿಟ್ಟೆ. ಬಣ್ಣ ಒಣಗುವ ಮೊದಲೇ, ಪ್ರತಿ ಶನಿವಾರ ತಪ್ಪದೆ ಬರುವ ಹಿರಿಯರೊಬ್ಬರು ಅದರ ಮುಂದೆ ನಿಂತು, ‘ಇಲ್ಲಿ ಈಗ ರಕ್ತ ಪರೀಕ್ಷೆಯನ್ನೂ ಮಾಡುತ್ತೀರಾ ಮಾರಾಯರೇ?’ ಎಂದು ಗಂಭೀರವಾಗಿಯೇ ಕೇಳಿದರು. ಶಾಲೆಯ ವಿಜ್ಞಾನ ಪಾಠದಲ್ಲಿ ‘ರಕ್ತ ಪರಿಚಲನೆ’ಯನ್ನು ಓದಿದವರಿಗೆಲ್ಲ ಆ ಪದ ಕೇಳಿದೊಡನೆ ಹೃದಯದ ಚಿತ್ರವೇ ನೆನಪಾಗುವುದು ಸಹಜ.

ಆಮೇಲೆ ಬೇರೆ ಪದಗಳನ್ನು ಯೋಚಿಸಿದೆ. ‘ಚಲಾವಣಾ ವಿಭಾಗ’ ಎಂದರೆ ನೋಟು ಬದಲಾಯಿಸುವ ಬ್ಯಾಂಕಿನ ಕಿಟಕಿಯಂತೆ ಕೇಳಿಸುತ್ತದೆ. ‘ಪ್ರಸಾರ ವಿಭಾಗ’ ಎಂದರೆ ಆಕಾಶವಾಣಿ ಭದ್ರಾವತಿಯೇ ನಮ್ಮ ಕಟ್ಟಡಕ್ಕೆ ಬಂದಿತೆಂದು ಜನ ತಿಳಿದಾರು. ‘ಸಂಚಾರ ವಿಭಾಗ’ ಎಂದು ಬರೆಸಿದರೆ ಹೊರಗೆ ಬೈಕು ನಿಲ್ಲಿಸಿದವರು ದಂಡಕ್ಕೆ ಹೆದರಿ ಓಡುತ್ತಾರೆ. ಇಂಗ್ಲಿಷಿನವರು ಒಂದೇ ಪದದಲ್ಲಿ ಮುಗಿಸಿದ್ದಕ್ಕೆ ನಮ್ಮಲ್ಲಿ ಇಷ್ಟೊಂದು ಪದಗಳು ಏಕೆ ಬಂದವು, ಅವುಗಳಲ್ಲಿ ಪುಸ್ತಕಕ್ಕೆ ಹೊಂದುವುದು ಯಾವುದು ಎಂದು ತಿಳಿದವರು ಹೇಳಬೇಕು. ಫಲಕ ಬರೆಯುವವರು ‘ಪದ ಗಟ್ಟಿಯಾದ ಮೇಲೆ ಕರೆಯಿರಿ, ಮೂರನೆಯ ಸಲ ಬಳಿಯಲು ನನ್ನಿಂದಾಗದು’ ಎಂದು ಹೇಳಿ ಹೋಗಿದ್ದಾರೆ.

ಓಲೆಗರಿ, ತೀರ್ಥಹಳ್ಳಿ:

ಕಪಾಟು ಅವರೇ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಪಾಠ ಹೇಳುವ ಚಟ ಇನ್ನೂ ಹೋಗಿಲ್ಲವಾದ್ದರಿಂದ ಮೊದಲಿಗೆ ವ್ಯಾಕರಣವನ್ನೇ ತೆಗೆಯುತ್ತೇನೆ.

ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನ ‘ಸರ್ಕಸ್’, ಎಂದರೆ ಉಂಗುರ, ಬಳೆ, ಸುತ್ತು. ಶಿವಮೊಗ್ಗದ ಗೋಪಿ ಸರ್ಕಲ್‌ನಲ್ಲಿರುವ ‘ಸರ್ಕಲ್’, ನಾವು ಚಿಕ್ಕವರಿದ್ದಾಗ ಡೇರೆ ಹಾಕುತ್ತಿದ್ದ ‘ಸರ್ಕಸ್ಸು’, ಕಚೇರಿಗೆ ಬರುವ ‘ಸರ್ಕ್ಯುಲರ್’ ಮತ್ತು ನಿಮ್ಮ ಮೇಜಿನ ‘ಸರ್ಕ್ಯುಲೇಷನ್’ ಎಲ್ಲವೂ ಆ ಒಂದೇ ಬಳೆಯ ತುಂಡುಗಳು. ಅಲ್ಲಿ ಪದದ ಆಕಾರವೇ ವೃತ್ತವಾದ್ದರಿಂದ, ಸುತ್ತುವುದು ಏನೇ ಆಗಿರಲಿ, ರಕ್ತವೋ ರೊಕ್ಕವೋ ಸುದ್ದಿಯೋ, ಅದೇ ಪದ ಸಾಕಾಯಿತು. ಮುಂದೆ ನಿಜವಾಗಿ ಸುತ್ತದ ವಸ್ತುಗಳಿಗೂ ಅದನ್ನೇ ಅಂಟಿಸಿದರು.

ಕನ್ನಡದಲ್ಲಿ ನಾವು ಸಂಸ್ಕೃತದ ಉಪಸರ್ಗಗಳನ್ನು ಹಿಡಿದು ಹೊರಟೆವು. ‘ಪರಿ’ ಎಂದರೆ ಸುತ್ತಲೂ, ‘ಪರಿಧಿ’ ಮತ್ತು ‘ಪರಿಕ್ರಮ’ಗಳಲ್ಲಿರುವಂತೆ. ಆದ್ದರಿಂದ ಹೊರಟಲ್ಲಿಗೇ ಮರಳುವ ಚಲನೆಗೆ ‘ಪರಿಚಲನೆ’ ಸರಿಹೊಂದುತ್ತದೆ. ‘ಪ್ರ’ ಎಂದರೆ ಮುಂದಕ್ಕೆ, ‘ಪ್ರಯಾಣ’ ಮತ್ತು ‘ಪ್ರವಾಹ’ಗಳಲ್ಲಿರುವಂತೆ. ‘ಪ್ರಸಾರ’ ಹೊರಗೆ ಹರಡುತ್ತಾ ಹೋಗುತ್ತದೆ, ಹಿಂದಿರುಗುವ ಮಾತು ಅದರಲ್ಲಿಲ್ಲ. ‘ಚಲಾವಣೆ’ ಇವೆರಡಕ್ಕಿಂತ ಬೇರೆ ಬಗೆಯದು. ಬದಲಾವಣೆ, ವರ್ಗಾವಣೆ, ಜಮಾವಣೆಗಳ ಸಾಲಿನಲ್ಲಿ ನಿಂತು ಕಚೇರಿಯ ಬಾಯಲ್ಲಿ ಬೆಳೆದ ಪದ ಅದು. ಮತ ಚಲಾಯಿಸುವುದು, ಅಧಿಕಾರ ಚಲಾಯಿಸುವುದು ಎಂಬಲ್ಲೆಲ್ಲ ಹಿಂದೆ ಒಬ್ಬ ನಡೆಸುವವನಿದ್ದಾನೆ. ತಾನಾಗಿ ಹರಿಯುವ ನೀರನ್ನು ಯಾರೂ ‘ಚಲಾವಣೆಯಲ್ಲಿದೆ’ ಎನ್ನುವುದಿಲ್ಲ. ಹೀಗೆ ಮರಳುತ್ತದೆಯೇ, ಹರಡುತ್ತದೆಯೇ, ಯಾರಾದರೂ ನಡೆಸಬೇಕೇ ಎಂಬ ಪ್ರಶ್ನೆಗಳನ್ನು ಕನ್ನಡ ಮೊದಲೇ ಕೇಳಿಬಿಡುತ್ತದೆ. ಇಂಗ್ಲಿಷ್ ಪದ ಅವುಗಳನ್ನು ಕೇಳುವುದೇ ಇಲ್ಲ.

ಕೀಲಿಮಣೆ, ಶಿವಮೊಗ್ಗ:

ಮೇಷ್ಟ್ರ ವಿವರಣೆಯನ್ನು ಒಪ್ಪುತ್ತೇನೆ. ಆದರೆ ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುವವನಾಗಿ ನನ್ನ ಕಷ್ಟವನ್ನೂ ಹೇಳಬೇಕು. ಗ್ರಂಥಾಲಯದ ತಂತ್ರಾಂಶವೊಂದರಲ್ಲಿ ಈ ಪದ ಮೆನುವಿನಲ್ಲಿ ಒಮ್ಮೆ, ವರದಿಯಲ್ಲಿ ಒಮ್ಮೆ, ನಿಯತಕಾಲಿಕೆಗಳ ವಿಭಾಗದಲ್ಲಿ ಇನ್ನೊಮ್ಮೆ ಬರುತ್ತದೆ. ಒಳಗೆ ಇರುವುದು ಒಂದೇ ಪದವಾದ್ದರಿಂದ ನಾವು ಅನುವಾದಿಸಿದ ಒಂದೇ ಪದ ಎಲ್ಲ ಕಡೆಯೂ ಮೂಡುತ್ತದೆ. ಒಂದಕ್ಕೆ ಐದು ಪದಗಳನ್ನು ಇಟ್ಟುಕೊಂಡರೆ ಪಾರಿಭಾಷಿಕ ಪದಕೋಶ ಎನ್ನುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ‘ಪರಿಚಲನೆ’ ಎಂದು ಗಟ್ಟಿ ಮಾಡಿಕೊಂಡು ಎಲ್ಲೆಡೆಯೂ ಅದನ್ನೇ ಬಳಸುವುದು ಲೇಸು. ಇಂದು ರಕ್ತ ಪರೀಕ್ಷೆ ನೆನಪಾಗಬಹುದು, ಹತ್ತು ವರ್ಷ ಕಳೆದರೆ ಆಗದು. ‘ಜಾಲತಾಣ’ ಎಂಬ ಪದ ಮೊದಲು ಕಿವಿಗೆ ಬಿದ್ದಾಗ ನಾವು ನಗಲಿಲ್ಲವೇ?

ನಾಡಿಮಿಡಿತ, ಶಿವಮೊಗ್ಗ:

ರಕ್ತದ ಮಾತು ಬಂದದ್ದರಿಂದ ನಾನು ಸುಮ್ಮನಿರುವಂತಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸುವವಳು ನಾನು. ‘ಪರಿಚಲನೆ’ಯನ್ನು ಎಲ್ಲೆಡೆ ಹಂಚಬೇಡಿ ಎಂದು ಕೀಲಿಮಣೆಯವರಲ್ಲಿ ಕೇಳಿಕೊಳ್ಳುತ್ತೇನೆ, ಏಕೆಂದರೆ ಆ ‘ಪರಿ’ಯನ್ನು ಸಾಧಿಸಿ ತೋರಿಸಲು ವೈದ್ಯಶಾಸ್ತ್ರ ಸುಮಾರು ಒಂದೂವರೆ ಸಾವಿರ ವರ್ಷ ಕಾಯಬೇಕಾಯಿತು.

ರೋಮನ್ ಸಾಮ್ರಾಜ್ಯದಲ್ಲಿದ್ದ ಗ್ರೀಕ್ ವೈದ್ಯ ಗ್ಯಾಲೆನ್ ಎರಡನೆಯ ಶತಮಾನದಲ್ಲಿ ಕಲಿಸಿದ್ದು ಬೇರೆಯೇ ಆಗಿತ್ತು. ತಿಂದ ಆಹಾರದಿಂದ ಯಕೃತ್ತಿನಲ್ಲಿ ರಕ್ತ ಹುಟ್ಟುತ್ತದೆ, ಸಿರೆಗಳ ಮೂಲಕ ಅಂಗಾಂಗಗಳಿಗೆ ಹೋಗುತ್ತದೆ, ತೋಟಕ್ಕೆ ಬಿಟ್ಟ ನೀರಿನಂತೆ ಅಲ್ಲಲ್ಲಿಯೇ ಇಂಗಿ ಮುಗಿದುಹೋಗುತ್ತದೆ ಎಂಬುದು ಅವನ ಮತ. ಹೃದಯದ ಬಲಭಾಗದ ರಕ್ತ ಶ್ವಾಸಕೋಶವನ್ನು ಹಾದು ಎಡಭಾಗಕ್ಕೆ ಬರುತ್ತದೆ ಎಂದು ಹದಿಮೂರನೆಯ ಶತಮಾನದಲ್ಲಿ ಇಬ್ನ್ ಅಲ್‌-ನಫೀಸ್ ಬರೆದಿದ್ದರೂ ಯುರೋಪಿನ ಪಾಠಗಳಲ್ಲಿ ಗ್ಯಾಲೆನ್ನನ ಮಾತೇ ನಡೆಯುತ್ತಿತ್ತು.

1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಅದನ್ನು ಮುರಿದದ್ದು ಒಂದು ಸರಳ ಲೆಕ್ಕದಿಂದ. ಪ್ರತಿ ಬಡಿತದಲ್ಲಿ ಹೃದಯ ಎಷ್ಟು ಕಡಿಮೆ ರಕ್ತವನ್ನು ಹೊರಕ್ಕೆ ತಳ್ಳುತ್ತದೆ ಎಂದಿಟ್ಟುಕೊಂಡರೂ, ಅರ್ಧ ಗಂಟೆಯಲ್ಲಿ ಸಾವಿರಕ್ಕೂ ಮೀರುವ ಬಡಿತಗಳಿಂದ ಅದನ್ನು ಗುಣಿಸಿದಾಗ ಇಡೀ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚಿನ ಮೊತ್ತ ಬರುತ್ತಿತ್ತು. ತಿಂದ ಊಟದಿಂದ ಅಷ್ಟು ರಕ್ತ ಹುಟ್ಟುವುದು ಸಾಧ್ಯವಿಲ್ಲದ್ದರಿಂದ ಹೋದ ರಕ್ತವೇ ಮರಳಿ ಬರುತ್ತಿರಬೇಕು ಎಂದು ಅವನು ತೀರ್ಮಾನಿಸಿದ. ಇಂದಿನ ಅಳತೆಯಲ್ಲಿ ಹೇಳುವುದಾದರೆ ವಯಸ್ಕರ ದೇಹದಲ್ಲಿರುವುದು ಸುಮಾರು 5 ಲೀಟರ್ ರಕ್ತ, ಸುಮ್ಮನೆ ಕುಳಿತಿರುವಾಗ ಹೃದಯ ಒಂದು ನಿಮಿಷದಲ್ಲಿ ಮುಂದಕ್ಕೆ ನೂಕುವುದೂ ಸುಮಾರು 5 ಲೀಟರ್. ಹೃದಯದಿಂದ ಹೊರಡುವ ಅಪಧಮನಿಯಿಂದ ಹೃದಯಕ್ಕೆ ಮರಳುವ ಸಿರೆಗೆ ರಕ್ತ ದಾಟುವ ದಾರಿ ಯಾವುದೆಂದು ಹಾರ್ವೆಗೆ ಕಾಣಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1661ರಲ್ಲಿ, ಮಾರ್ಸೆಲ್ಲೊ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಇವೆರಡನ್ನೂ ಜೋಡಿಸುವ ಅತಿ ಸಣ್ಣ ರಕ್ತನಾಳಗಳಾದ ಲೋಮನಾಳಗಳನ್ನು ಸೂಕ್ಷ್ಮದರ್ಶಕದಿಂದ ಕಂಡಾಗ ಬಳೆಯ ಎರಡು ತುದಿಗಳು ಕೂಡಿದವು.

ಮಲೆನಾಡಿನವರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ರಕ್ತದ ಈ ಚಲನೆಯನ್ನು ವೃತ್ತಾಕಾರವೆಂದು ಏಕೆ ಕರೆಯಬೇಕೆಂದು ವಿವರಿಸುವಾಗ ಹಾರ್ವೆ ಕೊಟ್ಟ ಹೋಲಿಕೆ ಮಳೆಯದು. ಒದ್ದೆಯಾದ ನೆಲ ಬಿಸಿಲಿಗೆ ಕಾದು ಆವಿಯಾಗಿ ಮೇಲೇರಿ, ಮತ್ತೆ ಮಳೆಯಾಗಿ ಇಳಿದು ನೆಲವನ್ನು ನೆನೆಸುವಂತೆ ಎಂದು ಅರಿಸ್ಟಾಟಲನನ್ನು ನೆನೆದು ಬರೆದಿದ್ದಾನೆ.

ಒಂದು ಉಪಕಥೆ ಹೇಳಿ ನಿಲ್ಲಿಸುತ್ತೇನೆ. ಕಾಲು ಮಡಚಿ ಕುಳಿತು ಜೋಮು ಹಿಡಿದಾಗ ‘ರಕ್ತ ಓಡುತ್ತಿಲ್ಲ’ ಎನ್ನುತ್ತೇವೆ. ಅಲ್ಲಿ ಮುಖ್ಯವಾಗಿ ಒತ್ತಡಕ್ಕೆ ಸಿಕ್ಕಿರುವುದು ನರ, ರಕ್ತ ಬಹುಮಟ್ಟಿಗೆ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ.

ಮುಂಜಾನೆ ಬಸ್ಸು, ಹೊಸನಗರ:

ಡಾಕ್ಟರ್ ಮೇಡಂ ಹೇಳಿದ್ದನ್ನು ಓದಿ ನನಗೆ ನನ್ನ ಹಳೆಯ ಕಸುಬು ನೆನಪಾಯಿತು. ಇಪ್ಪತ್ತೆರಡು ವರ್ಷ ನಾನು ಪತ್ರಿಕೆಗಳ ಏಜೆಂಟನಾಗಿದ್ದೆ. ಬೆಳಗಿನ ಬಸ್ಸಿನ ಮೇಲಿನಿಂದ ಕಟ್ಟು ಇಳಿಸಿಕೊಂಡು, ಹುಡುಗರಿಗೆ ಎಣಿಸಿ ಕೊಟ್ಟು, ಉಳಿದದ್ದನ್ನು ಅಂಗಡಿಗಳಿಗೆ ಹಾಕುವುದು ಕೆಲಸ. ಜುಲೈ ತಿಂಗಳಿನಲ್ಲಿ ಕಟ್ಟಿನ ಹೊರಗಿನ ನಾಲ್ಕು ಪ್ರತಿಗಳು ಯಾವಾಗಲೂ ಮುದ್ದೆಯಾಗಿಯೇ ಬರುತ್ತಿದ್ದವು.

ನಮ್ಮ ವ್ಯವಹಾರದಲ್ಲಿ ‘ಸರ್ಕ್ಯುಲೇಷನ್’ ಎಂದರೆ ಪ್ರಸಾರ. ಪತ್ರಿಕಾ ಕಚೇರಿಯಿಂದ ಬರುವವರನ್ನು ಪ್ರಸರಣ ವಿಭಾಗದವರು ಎನ್ನುತ್ತಿದ್ದೆವು. ರಕ್ತದ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಎಷ್ಟು ವ್ಯತ್ಯಾಸವೆಂದರೆ, ಅಲ್ಲಿ ಮರಳಿ ಬಂದರೆ ಮಾತ್ರ ಪರಿಚಲನೆ, ಇಲ್ಲಿ ಮರಳಿ ಬಂದದ್ದನ್ನು ಪ್ರಸಾರದ ಲೆಕ್ಕದಿಂದ ಕಳೆಯುತ್ತಾರೆ. ಮಾರಾಟವಾಗದೆ ಉಳಿದವುಗಳನ್ನು ನಾವು ‘ರಿಟರ್ನ್’ ಎನ್ನುತ್ತಿದ್ದೆವು. ಅದು ಹೆಚ್ಚಾದ ತಿಂಗಳು ಕಚೇರಿಯಿಂದ ದೂರವಾಣಿ ಬರುವುದು ಖಚಿತವಾಗಿತ್ತು. ಭಾರತದಲ್ಲಿ ಪ್ರಸಾರ ಸಂಖ್ಯೆಯನ್ನು ಪರಿಶೀಲಿಸಿ ದೃಢಪಡಿಸಲು 1948ರಿಂದ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಎಂಬ ಸಂಸ್ಥೆಯಿದ್ದು, ಆರು ತಿಂಗಳಿಗೊಮ್ಮೆ ಲೆಕ್ಕ ಕೊಡುತ್ತದೆ. ಜಾಹೀರಾತಿನ ದರಕ್ಕೆ ಆ ಅಂಕಿಯೇ ಆಧಾರವಾದ್ದರಿಂದ, ಎಷ್ಟು ಅಚ್ಚಾಯಿತು ಎಂಬುದನ್ನು ಬಿಟ್ಟು ಎಷ್ಟು ಪ್ರತಿ ದುಡ್ಡು ಕೊಟ್ಟವರ ಕೈ ಸೇರಿತು ಎಂಬುದನ್ನು ಅಲ್ಲಿ ನೋಡುತ್ತಾರೆ.

ಓದುಗರ ಸಂಖ್ಯೆ ಎಂಬುದು ಇನ್ನೊಂದೇ ಲೆಕ್ಕ. ಬಸ್ ನಿಲ್ದಾಣದ ಹೋಟೆಲಿಗೆ ನಾನು ಹಾಕುತ್ತಿದ್ದದ್ದು ಒಂದೇ ಪ್ರತಿ. ಅದರ ಪುಟಗಳು ಬಿಡಿಬಿಡಿಯಾಗಿ ಮೇಜಿನಿಂದ ಮೇಜಿಗೆ ಹೋಗಿ, ಅಡಿಕೆ ಧಾರಣೆಯ ಪುಟ ಮಾತ್ರ ಮಧ್ಯಾಹ್ನದ ಹೊತ್ತಿಗೆ ಹರಿದೇ ಹೋಗಿರುತ್ತಿತ್ತು. ಪ್ರಸಾರ ಒಂದು, ಓದುಗರು ಮೂವತ್ತು. ಹೋಟೆಲಿನೊಳಗಿನ ಆ ಸುತ್ತಾಟವನ್ನು ಮೇಷ್ಟ್ರು ‘ಪರಿ’ ಎನ್ನುತ್ತಾರೋ ‘ಪ್ರ’ ಎನ್ನುತ್ತಾರೋ ಗೊತ್ತಿಲ್ಲ. ಅಂದ ಹಾಗೆ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಟಿತು. ಹೊರಟದ್ದೂ ಮಳೆಗಾಲದ ನಡುವೆಯೇ. ಆಗಿನ ಕಟ್ಟುಗಳೂ ಮುದ್ದೆಯಾಗಿದ್ದಿರಬೇಕು.

ಕಪಾಟು, ಸಾಗರ:

ಏಜೆಂಟರು ಹೇಳಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು. ಪತ್ರಿಕೆಯವರಿಗೆ ಹಿಂದಿರುಗಿದ ಪ್ರತಿ ನಷ್ಟ, ನಮಗೆ ಹಿಂದಿರುಗದ ಪ್ರತಿ ನಷ್ಟ! ಅದೇ ಇಂಗ್ಲಿಷ್ ಪದವನ್ನು ಇಬ್ಬರೂ ಹಣೆಗೆ ಹಚ್ಚಿಕೊಂಡಿದ್ದೇವೆ. ಆದ್ದರಿಂದ ‘ಪ್ರಸಾರ’ವನ್ನು ನಾನು ಈಗಲೇ ಕೈಬಿಟ್ಟೆ. ಆದರೂ ‘ಪರಿಚಲನೆ’ಯಲ್ಲಿ ಒಂದು ಕೊರತೆಯಿದೆ. ಪುಸ್ತಕ ಸುಮ್ಮನೆ ಸುತ್ತಿ ಬಂದರೆ ಸಾಲದು, ನಡುವೆ ಯಾರಾದರೂ ಓದಿರಬೇಕು. ನಮ್ಮ ಗ್ರಂಥಾಲಯ ವಿಜ್ಞಾನದಲ್ಲಿ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಮಂಡಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ‘ಪುಸ್ತಕಗಳಿರುವುದು ಬಳಕೆಗೆ’ ಎಂಬುದು. ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದ ಕಾಲವನ್ನು ನೆನೆದರೆ ಈ ಸೂತ್ರದ ಬೆಲೆ ತಿಳಿಯುತ್ತದೆ.

ಹಳೇ ವರಹ, ಸಾಗರ:

ನಾನು ಬ್ಯಾಂಕಿನ ನಗದು ಕಿಟಕಿಯ ಹಿಂದೆ ಮೂವತ್ತು ವರ್ಷ ಕುಳಿತವನು, ಬಿಡುವಿನಲ್ಲಿ ಹಳೆಯ ನಾಣ್ಯಗಳ ಹುಚ್ಚು ಹಚ್ಚಿಕೊಂಡವನು. ‘ಚಲಾವಣೆ’ಯ ಬಗ್ಗೆ ಎರಡು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ.

ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ‘ಚಲಾವಣೆಯಲ್ಲಿರುವ ಹಣ’ ಎಂದರೆ ಅದು ತನ್ನ ಕೈಯಿಂದ ಆಚೆ ಬಿಟ್ಟಿರುವ ನೋಟು ಮತ್ತು ನಾಣ್ಯಗಳು. ಅವು ಓಡಾಡುತ್ತಿವೆಯೋ ಇಲ್ಲವೋ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಬರುವುದಿಲ್ಲ. ಅಡಿಕೆ ಮಾರಿದ ದುಡ್ಡನ್ನು ಹಿರಿಯರೊಬ್ಬರು ಪೆಟ್ಟಿಗೆಯಲ್ಲಿಟ್ಟು ಹತ್ತು ವರ್ಷ ಬೀಗ ತೆಗೆಯದಿದ್ದರೂ ಆ ನೋಟುಗಳು ಅಷ್ಟೂ ಕಾಲ ‘ಚಲಾವಣೆಯಲ್ಲಿ’ಯೇ ಇದ್ದವು! ಓಡಾಟದ ರಭಸವನ್ನು ಅಳೆಯಲು ಅರ್ಥಶಾಸ್ತ್ರದವರು ಬೇರೊಂದು ಅಳತೆಯನ್ನೇ ತರಬೇಕಾಯಿತು. ಅಮೆರಿಕದ ಇರ್ವಿಂಗ್ ಫಿಶರ್ 1911ರಲ್ಲಿ ಹೆಸರುವಾಸಿ ಮಾಡಿದ ಸಮೀಕರಣದಲ್ಲಿ, ಹಣದ ಮೊತ್ತವನ್ನು ಅದು ಒಂದು ವರ್ಷದಲ್ಲಿ ಕೈ ಬದಲಿಸುವ ಸರಾಸರಿ ಸಲದಿಂದ ಗುಣಿಸಿದರೆ ನಡೆದ ವ್ಯವಹಾರದ ಒಟ್ಟು ಬೆಲೆ ಬರುತ್ತದೆ. ಪೆಟ್ಟಿಗೆಯಲ್ಲಿ ಮಲಗಿದ ನೋಟು ಮೊತ್ತದಲ್ಲಿ ಸೇರುತ್ತದೆ, ವೇಗವನ್ನು ಕುಗ್ಗಿಸುತ್ತದೆ.

ಚಲಾವಣೆಗೂ ಮಾನ್ಯತೆಗೂ ನಡುವೆ ಇರುವ ಅಂತರವನ್ನು ನಾವು ಎರಡು ಸಲ ಕಂಡೆವು. 2016ರ ನವೆಂಬರ್ 8ರ ರಾತ್ರಿ ಪ್ರಕಟಣೆ ಹೊರಟಾಗ 500 ಮತ್ತು 1000 ರೂಪಾಯಿಯ ನೋಟುಗಳ ಮಾನ್ಯತೆಯೇ ಹೋಯಿತು. ಮೌಲ್ಯದ ಲೆಕ್ಕದಲ್ಲಿ ಚಲಾವಣೆಯಲ್ಲಿದ್ದ ನೋಟುಗಳ ಪೈಕಿ ಅವು ಶೇ 86ರಷ್ಟಿದ್ದವು. ಆದರೆ 2023ರ ಮೇ 19ರಂದು 2000 ರೂಪಾಯಿಯ ನೋಟನ್ನು ಚಲಾವಣೆಯಿಂದ ಹಿಂದಕ್ಕೆ ಪಡೆಯುವುದಾಗಿ ಹೇಳಿದಾಗ, ಅದರ ಕಾನೂನು ಮಾನ್ಯತೆ ಮುಂದುವರಿಯುತ್ತದೆ ಎಂದೂ ಅದೇ ಪ್ರಕಟಣೆಯಲ್ಲಿತ್ತು. ಮಾನ್ಯತೆ ಇದೆ, ಚಲಾವಣೆ ಬೇಡ ಎಂಬ ಸ್ಥಿತಿ ಅದು. ಇದೇ ಸ್ಥಿತಿಯನ್ನು ಯಾವ ಪ್ರಕಟಣೆಯೂ ಇಲ್ಲದೆ ನಮ್ಮ ಜನರೇ 10 ರೂಪಾಯಿಯ ನಾಣ್ಯಕ್ಕೆ ತಂದಿಟ್ಟಿದ್ದರು. 14 ವಿನ್ಯಾಸಗಳ ನಾಣ್ಯಗಳೂ ಮಾನ್ಯವೇ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸ್ಪಷ್ಟಪಡಿಸಿದ ಮೇಲೂ, ಸಂತೆಯಲ್ಲಿ ಸೊಪ್ಪು ಮಾರುವವರಿಗೆ ನಾನು ಅದನ್ನು ಕೊಟ್ಟಾಗ ‘ಇದು ನಡೆಯೋದಿಲ್ಲ ಸ್ವಾಮಿ, ನೋಟು ಕೊಡಿ’ ಎಂದರು. ಮೂವತ್ತು ವರ್ಷ ನೋಟು ಎಣಿಸಿದವನ ಮಾತಿಗೆ ಅಲ್ಲಿ ಕಿಲುಬು ಕಾಸಿನ ಬೆಲೆಯೂ ಸಿಗಲಿಲ್ಲ.

ನಂಬಿಕೆಯಿಂದ ನಾಣ್ಯ ನಡೆಯುತ್ತದೆ ಎಂಬುದನ್ನು ನಮ್ಮ ಸೀಮೆಯ ರಾಜರು ಚೆನ್ನಾಗಿ ಅರಿತಿದ್ದರು. ಕೆಳದಿಯ ನಾಯಕರ ಇಕ್ಕೇರಿ ವರಹದ ಮೇಲೆ ಶಿವ ಪಾರ್ವತಿಯರು ಕುಳಿತಿರುವ ಚಿತ್ರವಿದೆ. ತೂಕ ಸುಮಾರು 3.4 ಗ್ರಾಂ ಬಂಗಾರ. 1763ರಲ್ಲಿ ಹೈದರ್ ಅಲಿ ಆ ನಾಯಕರ ರಾಜಧಾನಿ ಬಿದನೂರನ್ನು ಗೆದ್ದ ಮೇಲೆ ಹೊರಡಿಸಿದ ವರಹದಲ್ಲಿ ಅದೇ ಶಿವ ಪಾರ್ವತಿಯರನ್ನು ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರವನ್ನಷ್ಟೇ ಹಾಕಿಸಿದ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ವರಹದಲ್ಲಿಯೂ ಅದೇ ಚಿತ್ರ, ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ಅರಸನ ಹೆಸರು. ಅರಸೊತ್ತಿಗೆ ಎರಡು ಸಲ ಬದಲಾದರೂ ವ್ಯಾಪಾರಿಯ ಕಣ್ಣಿಗೆ ಪರಿಚಿತವಾದ ಮುಖವನ್ನು ಬದಲಿಸುವ ಧೈರ್ಯವನ್ನು ಈ ಇಬ್ಬರೂ ಮಾಡಲಿಲ್ಲ.

ತೋಟದ ಮನೆ, ತೀರ್ಥಹಳ್ಳಿ ತಾಲ್ಲೂಕು:

ವರಹದವರೇ, ಪೆಟ್ಟಿಗೆಯ ಮಾತು ಹೇಳಿ ನಮ್ಮ ಮನೆಯ ಗುಟ್ಟನ್ನೇ ಬಯಲು ಮಾಡಿದಿರಿ. ಆದರೆ ಹಣವನ್ನು ಮುಟ್ಟದೆಯೇ ಹಣ ಓಡಾಡುತ್ತಿದ್ದ ಕಾಲವನ್ನೂ ನಮ್ಮ ಮಾವನವರಿಂದ ಕೇಳಿದ್ದೇನೆ. ಕೊಯ್ಲಾದ ಅಡಿಕೆಯನ್ನು ಬೇಯಿಸಿ ಒಣಗಿಸಿ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿ ಶಿವಮೊಗ್ಗದ ಮಂಡಿಗೆ ಹಾಕಿದರೆ ಅದರ ಬೆಲೆ ಮಂಡಿಯ ಪುಸ್ತಕದಲ್ಲಿ ನಮ್ಮ ಹೆಸರಿಗೆ ಜಮೆಯಾಗುತ್ತಿತ್ತು. ಮದುವೆಗೆ ಜವಳಿ ಬೇಕಾದರೆ ಮಾವನವರು ಮಂಡಿಯಿಂದ ಒಂದು ಚೀಟಿ ಬರೆಸಿಕೊಂಡು ಬಟ್ಟೆ ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯವರು ಆ ಚೀಟಿಯನ್ನು ಮಂಡಿಯಲ್ಲಿ ತಮ್ಮ ಲೆಕ್ಕಕ್ಕೆ ಹಚ್ಚಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಕೈ ಬರಿದಾದಾಗ ಮುಂಗಡವೂ ಅಲ್ಲಿಂದಲೇ ಸಿಗುತ್ತಿತ್ತು, ಮುಂದಿನ ಫಸಲಿಗೆ ಬಡ್ಡಿ ಸೇರಿ ಕಳೆಯುತ್ತಿತ್ತು. ವರ್ಷವಿಡೀ ನೋಟಿನ ಮುಖ ಕಾಣದಿದ್ದರೂ ವ್ಯವಹಾರ ನಿಂತದ್ದಿಲ್ಲ. ಅದನ್ನು ನಮ್ಮ ಕಡೆ ಯಾರೂ ‘ಚಲಾವಣೆ’ ಎನ್ನಲಿಲ್ಲ, ‘ಲೆಕ್ಕ ನಡೆಯುತ್ತಿದೆ’ ಎನ್ನುತ್ತಿದ್ದರು.

ಇನ್ನೊಂದು ಪದವನ್ನು ಇಲ್ಲಿ ಯಾರೂ ಎತ್ತಲಿಲ್ಲವೆಂದು ಆಶ್ಚರ್ಯವಾಯಿತು. ನಾಟಿಯ ಸಮಯದಲ್ಲಿ ಇಂದು ನಮ್ಮ ಗದ್ದೆಗೆ ಅವರ ಮನೆಯವರು ಬಂದರೆ, ನಾಳೆ ಅವರ ಗದ್ದೆಗೆ ನಾವು ಹೋಗುವುದನ್ನು ‘ಮುಯ್ಯಾಳು’ ಎನ್ನುತ್ತೇವೆ. ಮದುವೆಮನೆಯಲ್ಲಿ ಬರೆದಿಟ್ಟುಕೊಂಡು ಮುಂದೆ ತೀರಿಸುವ ಉಡುಗೊರೆಗೂ ‘ಮುಯ್ಯಿ’ ಎಂದೇ ಹೆಸರು. ದುಡಿಮೆಯೇ ಊರಿನ ಸುತ್ತ ತಿರುಗಿ ಹೊರಟ ಮನೆಗೆ ಮರಳುವುದು ಇದು. ಈಗ ನಾಟಿಗೆ ಯಂತ್ರ ಬಂದಿರುವ ಕಡೆಗಳಲ್ಲಿ ಪದ ಉಳಿದಿದೆ, ಆಳು ಉಳಿದಿಲ್ಲ.

ಮಳೆಗಾಲ ಮುಗಿದ ಮೇಲೆ ಘಟ್ಟದ ಕೆಳಗಿನ ಯಕ್ಷಗಾನ ಮೇಳಗಳು ಘಟ್ಟ ಹತ್ತಿ ಬರುವುದಕ್ಕೆ ‘ತಿರುಗಾಟ’ ಎನ್ನುತ್ತಾರಲ್ಲ, ಅದನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ. ಊರಿಂದೂರಿಗೆ ಹೋಗಿ ಮುಂದಿನ ಮಳೆಯ ಹೊತ್ತಿಗೆ ಗೆಜ್ಜೆ ಬಿಚ್ಚಲು ಕ್ಷೇತ್ರಕ್ಕೆ ಮರಳುವ ಆ ಓಡಾಟಕ್ಕೆ ಇದಕ್ಕಿಂತ ಚೆಂದದ ಪದವನ್ನು ನಾನು ಕಾಣೆ.

ಮಳೆ ಲೆಕ್ಕ, ಆಗುಂಬೆ ಹೋಬಳಿ:

ಹಾರ್ವೆಯ ಮಳೆಯ ಹೋಲಿಕೆಗೆ ನಮ್ಮ ತಾಲ್ಲೂಕಿನದೇ ಒಂದು ತಿದ್ದುಪಡಿಯನ್ನು ಸೇರಿಸುತ್ತೇನೆ. ನೀರಿನ ಸುತ್ತಾಟಕ್ಕೆ ನಾವು ‘ಜಲಚಕ್ರ’ ಎನ್ನುತ್ತೇವೆ. ಅಲ್ಲಿ ಪರಿ, ಪ್ರ ಎರಡನ್ನೂ ಬಿಟ್ಟು ನೇರವಾಗಿ ಚಕ್ರವನ್ನೇ ಹಿಡಿದಿದ್ದೇವೆ. ಆದರೆ ಆ ಚಕ್ರ ಒಂದೇ ಅಳತೆಯದಲ್ಲ. ಅರಬ್ಬಿ ಸಮುದ್ರದ ಮೇಲಿಂದ ಬಂದ ಮೋಡ ತೀರ್ಥಹಳ್ಳಿ ತಾಲ್ಲೂಕಿನ ಮೇಲೆ ಸುರಿದಾಗ, ಅಂಬುತೀರ್ಥದ ಬಳಿ ಬಿದ್ದ ಹನಿ ಶರಾವತಿಯಾಗಿ ಲಿಂಗನಮಕ್ಕಿಯಲ್ಲಿ ತಂಗಿ, ಜೋಗದಲ್ಲಿ ಇಳಿದು, ಹೊನ್ನಾವರದಲ್ಲಿ ಅದೇ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಅದೇ ತಾಲ್ಲೂಕಿನಲ್ಲಿ ತುಂಗೆಯ ಪಾಲಿಗೆ ಬಿದ್ದ ಹನಿ ಕೂಡಲಿಯಲ್ಲಿ ಭದ್ರೆಯೊಡನೆ ಸೇರಿ, ಮುಂದೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದು ಹೊರಟ ಸಮುದ್ರಕ್ಕೆ ಮರಳುವುದು ಯಾವ ದಾರಿಯಿಂದ, ಯಾವ ಕಾಲಕ್ಕೆ ಎಂದು ಹೇಳುವವರಿಲ್ಲ. ರಕ್ತಕ್ಕೆ ಹೃದಯವಿರುವಂತೆ ನೀರಿಗೆ ಮರಳಲೇಬೇಕಾದ ಒಂದೇ ಮನೆಯಿಲ್ಲ.

ಕೀಲಿಮಣೆ, ಶಿವಮೊಗ್ಗ:

ಒಂದೇ ಪದ ಸಾಕು ಎಂದು ವಾದಿಸಿದವನು ನಾನೇ. ಏಜೆಂಟರ ‘ರಿಟರ್ನ್’ ಮತ್ತು ವರಹದವರ ಪೆಟ್ಟಿಗೆ ಎರಡನ್ನೂ ಓದಿದ ಮೇಲೆ ಅರ್ಧ ಸೋತಿದ್ದೇನೆ. ಪೆಟ್ಟಿಗೆಯಲ್ಲಿ ಮಲಗಿದ ನೋಟು ‘ಪರಿಚಲನೆಯಲ್ಲಿದೆ’ ಎಂದರೆ ಅದು ಸುಳ್ಳೇ ಆಗುತ್ತದೆ, ‘ಚಲಾವಣೆಯಲ್ಲಿದೆ’ ಎಂದರೆ ಹೇಗೋ ನಡೆಯುತ್ತದೆ. ಆದರೆ ಉಳಿದರ್ಧವನ್ನು ಬಿಟ್ಟುಕೊಡಲಾರೆ. ಬರಹಗಾರರಿಗೆ ಸಂದರ್ಭ ನೋಡಿ ಪದ ಆರಿಸುವ ಸ್ವಾತಂತ್ರ್ಯವಿದೆ, ತಂತ್ರಾಂಶದ ಪದಪಟ್ಟಿಗೆ ಸಂದರ್ಭವೇ ಕಾಣುವುದಿಲ್ಲ. ಮೂಲದಲ್ಲಿಯೇ ಮೂರು ಕಡೆಯ ಪದಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಡಿ ಎಂದು ತಯಾರಕರನ್ನು ಕೇಳುವುದೊಂದೇ ದಾರಿ. ಕೇಳಿ ನೋಡುತ್ತೇನೆ.

ಓಲೆಗರಿ, ತೀರ್ಥಹಳ್ಳಿ:

ಇಷ್ಟು ಜನ ಬರೆದ ಮೇಲೆ ನನ್ನ ಮೊದಲ ಉತ್ತರ ನನಗೇ ಸಪ್ಪೆಯೆನಿಸಿತು. ಉಪಸರ್ಗಗಳ ಬೆನ್ನು ಹತ್ತಿ ನಾನು ಅಚ್ಚಗನ್ನಡದ ಕಡೆಗೆ ನೋಡಲೇ ಇಲ್ಲ.

ಸೊಪ್ಪು ಮಾರುವವರು ‘ನಡೆಯೋದಿಲ್ಲ’ ಎಂದರಂತೆ. ಅವರ ಹಿಂದೆ ಎಂಟುನೂರು ವರ್ಷಗಳ ಕನ್ನಡವಿದೆ. ನಾಣ್ಯ ನಡೆಯುವುದಕ್ಕೆ ನಮ್ಮ ಹಳೆಯ ಪದ ‘ಸಲ್ಲು’. ಬಸವಣ್ಣನವರು ಮರ್ತ್ಯಲೋಕವನ್ನು ಕರ್ತಾರನ ಕಮ್ಮಟವೆಂದು ಕರೆದು, ಇಲ್ಲಿ ಸಲ್ಲುವವರು ಅಲ್ಲಿಯೂ ಸಲ್ಲುವರು ಎಂದದ್ದನ್ನು ನಾವು ಮನುಷ್ಯರ ನಡತೆಯ ಮಾತೆಂದಷ್ಟೇ ಓದುತ್ತೇವೆ. ಕಮ್ಮಟ ಎಂದರೆ ನಾಣ್ಯ ಅಚ್ಚಿಸುವ ಟಂಕಸಾಲೆ. ಅಲ್ಲಿ ಅಚ್ಚಾದ ನಾಣ್ಯ ಪೇಟೆಯಲ್ಲಿ ಸಲ್ಲಬೇಕು. ಮಾನ್ಯತೆ, ಚಲಾವಣೆ ಎಂದು ವರಹದವರು ಬಿಡಿಸಿ ಹೇಳಿದ ಎರಡೂ ‘ಸಲ್ಲು’ವಿನಲ್ಲಿ ಒಟ್ಟಿಗೆ ಇವೆ. ಇಂದಿಗೂ ‘ಸಲ್ಲದ ಮಾತು’ ಎನ್ನುತ್ತೇವೆ, ಹೊಸ ಪದ ಕಟ್ಟುವುದನ್ನು ‘ಟಂಕಿಸುವುದು’ ಎನ್ನುತ್ತೇವೆ, ಬಳಸಿ ಬಳಸಿ ಬೇಸರವಾದ ಪದವನ್ನು ‘ಸವಕಲು’ ಎನ್ನುತ್ತೇವೆ. ಪದಕ್ಕೂ ನಾಣ್ಯಕ್ಕೂ ಒಂದೇ ಪೇಟೆ.

‘ಸುತ್ತೋಲೆ’ಯ ಬಗ್ಗೆ ಬರೆಯದಿದ್ದರೆ ನನ್ನ ಹೆಸರಿಗೇ ಅವಮಾನ. ಸುತ್ತಿ ಬರುವ ಓಲೆ ಎಂಬ ಈ ಪದವನ್ನು ಕಟ್ಟಿದವರು ಯಾರೇ ಆಗಿರಲಿ, ‘ಸರ್ಕ್ಯುಲರ್’ನಲ್ಲಿರುವ ಬಳೆಯನ್ನು ಕಳೆಯದೆ ಕನ್ನಡದ ತಾಳೆಗರಿಯ ಮೇಲೆ ಬರೆದರು. ಕಚೇರಿಗಳಲ್ಲಿ ಅದು ಸುತ್ತುವುದು ಕಡಿಮೆ, ಕಡತದಲ್ಲಿ ಕೂರುವುದೇ ಹೆಚ್ಚು ಎಂಬುದು ಬೇರೆ ಮಾತು.

ಈಗ ಗ್ರಂಥಾಲಯದ ಪದ. ಕಪಾಟು ಅವರು ರಂಗನಾಥನ್ನರ ‘ಬಳಕೆ’ಯನ್ನು ನೆನೆದಾಗಲೇ ನನಗೆ ಹೊಳೆಯಬೇಕಿತ್ತು. ಕನ್ನಡದಲ್ಲಿ ‘ಬಳಸು’ ಎಂದರೆ ಉಪಯೋಗಿಸು. ‘ಬಳಸು’ ಎಂದರೆ ಸುತ್ತಿಕೊಂಡು ಹೋಗು ಎಂದೂ ಆಗುತ್ತದೆ. ‘ನೇರ ದಾರಿ ಬಿಟ್ಟು ಬಳಸಿ ಬಂದೆ’, ‘ಸುತ್ತಿ ಬಳಸಿ ಮಾತಾಡಬೇಡ’ ಎಂಬಲ್ಲಿ ಇರುವುದು ಅದೇ. ಸುತ್ತುವುದು, ಉಪಯೋಗಕ್ಕೆ ಬರುವುದು ಎಂಬ ಎರಡು ಅರ್ಥಗಳನ್ನು ಹೊತ್ತ ಒಂದೇ ಕ್ರಿಯಾಪದ ನಮ್ಮಲ್ಲಿರುವಾಗ ನಾವು ಲ್ಯಾಟಿನ್ನಿನ ಬಳೆಗೆ ಸಂಸ್ಕೃತದಲ್ಲಿ ಅಳತೆ ತೆಗೆಯುತ್ತಾ ಕುಳಿತೆವು. ‘ಪುಸ್ತಕ ಬಳಕೆ ವಿಭಾಗ’ ಎಂದು ಬರೆಸಿ ಎಂಬುದು ನನ್ನ ಸಲಹೆ.

ಕಪಾಟು, ಸಾಗರ:

ಎಲ್ಲರಿಗೂ ವಂದನೆಗಳು. ಮೇಷ್ಟ್ರ ಸಲಹೆ ಮನಸ್ಸಿಗೆ ಹಿಡಿಸಿತಾದರೂ ಫಲಕಕ್ಕೆ ಒಗ್ಗಲಿಲ್ಲ. ‘ಬಳಕೆ ವಿಭಾಗ’ ಎಂದರೆ ಅಲ್ಲಿಯೇ ಕುಳಿತು ಓದಬೇಕು ಎಂದು ನಮ್ಮ ಸಹಾಯಕರು ಅರ್ಥ ಮಾಡಿಕೊಂಡರು. ಕೊನೆಗೆ ಒಂದು ವಾರ ನಾನು ಏನನ್ನೂ ಬರೆಸದೆ, ಬರುವವರು ಆ ಮೇಜನ್ನು ಏನೆಂದು ಕರೆಯುತ್ತಾರೆ ಎಂದು ಕಿವಿಗೊಟ್ಟೆ. ಯಾರೊಬ್ಬರೂ ಪರಿಚಲನೆ, ಚಲಾವಣೆ ಎನ್ನಲಿಲ್ಲ. ‘ಪುಸ್ತಕ ಬರೆಸುವುದು ಎಲ್ಲಿ?’ ಎಂದು ಕೇಳಿದವರೇ ಹೆಚ್ಚು. ಒಯ್ಯುವಾಗ ‘ಬರೆಸುತ್ತಾರೆ’, ತಂದಾಗ ‘ಹೊಡೆಸುತ್ತಾರೆ’, ಎಂದರೆ ವಹಿಯಲ್ಲಿ ಹೆಸರಿನ ಮೇಲೆ ಗೆರೆ ಹೊಡೆಸುತ್ತಾರೆ. ಗಣಕಯಂತ್ರ ಬಂದು ಗೆರೆ ಹೊಡೆಯುವುದು ನಿಂತು ವರ್ಷಗಳಾದರೂ ಮಾತು ನಿಂತಿಲ್ಲ.

ನಿನ್ನೆ ಫಲಕ ಬರೆಸಿದೆ. ಮೇಲೆ ದೊಡ್ಡ ಅಕ್ಷರದಲ್ಲಿ ‘ಎರವಲು – ವಾಪಸು’, ಕೆಳಗೆ ಚಿಕ್ಕದಾಗಿ ‘ಪುಸ್ತಕ ಬರೆಸುವ ಜಾಗ’. ತಿಂಗಳ ವರದಿಯಲ್ಲಿ ಮಾತ್ರ ಇಲಾಖೆಯ ನಮೂನೆಯಲ್ಲಿರುವ ಪದವನ್ನೇ ಬರೆಯುತ್ತೇನೆ.

ತೋಟದ ಮನೆಯ ಅಕ್ಕನವರಿಗೆ ಒಂದು ಸುದ್ದಿ ಇದೆ. ನಮ್ಮಲ್ಲಿಂದ ನವೆಂಬರಿನಲ್ಲಿ ಒಂದು ಪ್ರಸಂಗದ ಪುಸ್ತಕವನ್ನು ಮೇಳದ ಹಾಸ್ಯಗಾರರೊಬ್ಬರು ಒಯ್ದಿದ್ದರು. ಹದಿನೈದು ದಿನಗಳ ಗಡುವು ಮೀರಿ ಎರಡು ಸಲ ಪತ್ರ ಬರೆದರೂ ಉತ್ತರ ಬಾರದೆ, ಅದನ್ನು ಕಳೆದುಹೋದವುಗಳ ಪಟ್ಟಿಗೆ ಸೇರಿಸಿದ್ದೆ. ಮೇ ತಿಂಗಳ ಕೊನೆಯಲ್ಲಿ, ತಿರುಗಾಟ ಮುಗಿದ ಮಾರನೆಯ ವಾರ, ಅವರೇ ಬಂದು ಮೇಜಿನ ಮೇಲಿಟ್ಟರು. ಅಂಚಿನಲ್ಲೆಲ್ಲ ಬಣ್ಣದ ಬೆರಳಚ್ಚುಗಳಿದ್ದವು. ದಂಡದ ಹಣವನ್ನು 10 ರೂಪಾಯಿಯ ನಾಣ್ಯಗಳಲ್ಲಿ ಎಣಿಸಿ ಕೊಟ್ಟರು, ನಾನು ತೆಗೆದುಕೊಂಡೆ.